ಒಂದು ಪೌಂಡು

ಮ್ಯಾಂಚೆಸ್ಟರ್ ವಿಮಾನನಿಲ್ದಾಣದ ಕಿಟಕಿಯಲ್ಲಿ
ಬಂದ ಉದ್ದೇಶ ಕೇಳಿದರು.
ಸುವಾರ್ತೆ, ಅಂದೆ.
ಹುಡುಗಿ ತಲೆಯೆತ್ತಿ ನೋಡಿದಳು,
ಬ್ಯಾಡಗಿಗೇ ಮೆಣಸಿನಕಾಯಿ ಮಾರಲು ಬಂದವನನ್ನು
ನೋಡುವ ಹಾಗೆ.
ಆರು ತಿಂಗಳು, ಎಂದು ಮುದ್ರೆ ಒತ್ತಿದಳು.

ಟಾಡ್ಮೊರ್ಡನ್ನಿನ ಈ ಚಾಪೆಲ್ಲಿನಲ್ಲಿ
ಆರುನೂರು ಜನಕ್ಕೆ ಬೆಂಚುಗಳಿವೆ.
ಹನ್ನೊಂದು ಮಂದಿ ಬರುತ್ತಾರೆ,
ದೂರ ದೂರ ಕೂರುತ್ತಾರೆ,
ತೀರಿಹೋದ ತಮ್ಮ ತಮ್ಮವರಿಗೆ ಜಾಗ ಬಿಟ್ಟು.
ಮುಂದೆ ಬನ್ನಿ, ಎಂದು ಮೊದಲ ವಾರ ಕರೆದೆ.
ಯಾರೂ ಕದಲಲಿಲ್ಲ.
ಎರಡನೇ ವಾರ ನಾನೇ ಪ್ರಸಂಗಪೀಠ ಇಳಿದು
ನಡುದಾರಿಯಲ್ಲಿ ನಿಂತೆ.
ಬಾಯ್ಲರ್ ಕೆಟ್ಟಿದೆ.
ಬಾಯಿಂದ ವಾಕ್ಯಕ್ಕಿಂತ ಮೊದಲು ಹಬೆ ಹೊರಡುತ್ತದೆ.

ಬೆಟಗೇರಿಯ ನನ್ನ ಸಭೆಗೆ ಬೇರೆಯೇ ಕಾಯಿಲೆ.
ಕೂರಲು ಜಾಗವಿಲ್ಲ, ಕಮಿಟಿ ಚುನಾವಣೆಗೆ ಎರಡು ಬಣ,
ಕೋರ್ಟಿನಲ್ಲಿ ಒಂದು ಕೇಸು,
ಕ್ರಿಸ್‌ಮಸ್ ಕೇಕಿನ ಲೆಕ್ಕಕ್ಕೆ ಒಡೆದ
ಖಜಾಂಚಿ ಪ್ರಭುದಾಸನ ಮೂಗು.
ಸ್ವಾಮೀ, ಒಂದಿಷ್ಟು ಮೌನ ಕೊಡು,
ಎಂದು ಅಲ್ಲಿ ರಾತ್ರಿ ಬೇಡುತ್ತಿದ್ದೆ.
ಹೀಗೆ ಕೊಡುತ್ತಾನೆಂದು ತಿಳಿದಿರಲಿಲ್ಲ.

ನಿಲುವಂಗಿ ತೊಡುವ ಕೋಣೆಯಲ್ಲಿ ಒಂದು ಹಿತ್ತಾಳೆ ಫಲಕ:
ಈ ಸಭೆಯಿಂದ ಹೊರಟು ಹೋದವರು.
ಮೂರು ಹೆಸರು. ಮೂರನೆಯವನಿಗೆ ಇಪ್ಪತ್ನಾಲ್ಕು, ಜ್ವರ,
ಆಮೇಲೆ ಊರಿನ ಹೆಸರು, ವಿಚಿತ್ರ ಕಾಗುಣಿತದಲ್ಲಿ.
ನಾಲ್ಕು ದಿನ ಬೇಕಾಯಿತು
ಅದು ಗಜೇಂದ್ರಗಡ ಎಂದು ಹೊಳೆಯಲು.
ಆ ಗೋರಿ ನನಗೆ ಗೊತ್ತು.
ಅದರ ಮೇಲೆ ಕುಳಿತು ಕಡಲೆಗಿಡ ಸುಟ್ಟು ತಿಂದಿದ್ದೇವೆ,
ಇನ್ನೂ ಮೀಸೆ ಮೂಡದ ದಿನಗಳಲ್ಲಿ.
ಅಂಗಿ ಗುಂಡಿ ಹಾಕಿಕೊಳ್ಳುತ್ತಾ
ಅವನಿಗೆ ಮೆಲ್ಲಗೆ ಹೇಳಿದೆ: ನಿಮ್ಮೂರಲ್ಲಿ ಬಲು ಚಳಿ, ಮಾರಾಯ.

ಬುಧವಾರ ಮನೆಭೇಟಿ.
ಕಾಲುವೆಯ ಮೇಲಿನ ಏರಿನಲ್ಲಿ ಎನಿಡ್ ಆಕ್ರಾಯ್ಡ್, ತೊಂಬತ್ತೊಂದು ವರ್ಷ.
ಚಹಾ ಆಯಿತು, ಮೊಣಕಾಲಿನ ಮಾತಾಯಿತು.
ಆಮೇಲೆ ಬೀರುವಿನಿಂದ ಒಂದು ತಗಡಿನ ಡಬ್ಬಿ ತಂದಳು.
ಮುಚ್ಚಳದ ಸೀಳಿನ ಕೆಳಗೆ
ಬಣ್ಣ ಎದ್ದುಹೋದ ಕಪ್ಪು ಮಗುವಿನ ಮುಖ.

‘ಸಂಡೇ ಸ್ಕೂಲಿನ ಡಬ್ಬಿ. ವಾರಕ್ಕೊಂದು ಪೆನ್ನಿ.
ಒಂದು ವಾರ ಹಾಕಲಿಲ್ಲ,
ಮಿಠಾಯಿ ತಿಂದೆ.
ಅವತ್ತಿನಿಂದ ಇದು ನನ್ನನ್ನೇ ನೋಡುತ್ತಿದೆ.’
ನನ್ನ ಅಂಗೈ ಬಿಡಿಸಿ ಒಂದು ಪೌಂಡು ಇಟ್ಟಳು.
‘ಬಡ್ಡಿ ಸೇರಿಸಿದ್ದೇನೆ.’

ಅಮ್ಮಾ, ಆ ಮಗು ನಾನಲ್ಲ.
ನನ್ನಪ್ಪ ರೈಲ್ವೆ ಗುಮಾಸ್ತ, ಮನೆಯಲ್ಲಿ ಹಾರ್ಮೋನಿಯಂ ಇತ್ತು,
ಹಬ್ಬಕ್ಕೆ ಇಸ್ತ್ರಿ ಹಾಕಿದ ಚಡ್ಡಿ ಇತ್ತು.
ಇಷ್ಟೂ ಗಂಟಲತನಕ ಬಂತು.
ಅವಳ ಕೈ ಇನ್ನೂ ನನ್ನ ಕೈಯೊಳಗಿತ್ತು, ನಡುಗುತ್ತಿತ್ತು.
ಕ್ಷಮಿಸಿದೆ, ಎಂದೆ.
ಯಾರ ಪರವಾಗಿ ಎಂದು ಈಗಲೂ ಗೊತ್ತಿಲ್ಲ.

‘ಪ್ರಾರ್ಥನೆ ಮಾಡಿ. ನಿಮ್ಮ ಭಾಷೆಯಲ್ಲಿ.
ನಮ್ಮವು ಎಲ್ಲಿ ಮುಗಿಯುತ್ತವೆಂದು ಬಾಯಿಪಾಠವಾಗಿದೆ.’
ಪರಲೋಕದಲ್ಲಿರುವ ತಂದೆಯೇ, ಎಂದು ಸರಿಯಾಗಿಯೇ ಶುರುಮಾಡಿದೆ.
ಎರಡು ಸಾಲು ಗ್ರಂಥದ ಕನ್ನಡ,
ಆಮೇಲೆ ನಾಲಗೆ ತನ್ನಷ್ಟಕ್ಕೆ ಮನೆ ಕಡೆ ತಿರುಗಿತು:
ಯಪ್ಪಾ, ಇಲ್ಲಿ ನಂಗೇನೂ ತಿಳೀವಲ್ದು.
ಈ ಮಂದಿಗೆ ಹೇಳಾಕ ನನ್ನ ಹಂತ್ಯಾಕ ಏನೈತಿ?
ಇವರದ ಇವರಿಗೇ ತಂದು ಕೊಡಾಕ ಹತ್ತೇನಿ.
ಅದೂ ಆರಿ ತಣ್ಣಗಾಗೈತಿ...

ಆಮೆನ್, ಅಂದಳು ಎನಿಡ್ ಗಟ್ಟಿಯಾಗಿ,
ನಾನಿನ್ನೂ ನಡುವಿನಲ್ಲಿದ್ದೆ.

ಏರು ಇಳಿದು, ಕಾಲುವೆ ಪಕ್ಕದ ಅಂಗಡಿಯಲ್ಲಿ
ಆ ಪೌಂಡಿಗೆ ಪುದೀನ ಮಿಠಾಯಿ ಕೊಂಡೆ,
ಭಾನುವಾರ ಎಲ್ಲರಿಗೂ ಹಂಚೋಣವೆಂದು.
ನೀರಿನ ಗೇಟಿನ ಬಳಿ ನಿಂತು ಒಂದು ಬಾಯಿಗಿಟ್ಟೆ.
ಬಾತುಕೋಳಿಗಳನ್ನು ನೋಡುತ್ತಾ ಇನ್ನೊಂದು.
ಪೊಟ್ಟಣ ಮುಗಿಯಿತು.

ಇವತ್ತು ಡಯಾಸಿಸ್ಸಿಗೆ ವರದಿ ಬರೆಯಬೇಕು.
ಭೇಟಿಗಳು: ಒಂದು. ಕಾಣಿಕೆ: ಒಂದು ಪೌಂಡು, ಖರ್ಚಾಗಿದೆ.
ರಕ್ಷಣೆ ಹೊಂದಿದವರ ಸಂಖ್ಯೆ ಎಂಬ ಕಾಲಮ್ಮಿನ ಮುಂದೆ
ಪೆನ್ನು ಹಿಡಿದು ಕೂತಿದ್ದೇನೆ, ಕೋಟು ಬಿಚ್ಚದೆ.
ಬಾಯ್ಲರಿನವನು ಗುರುವಾರ ಬರುತ್ತಾನಂತೆ.