ತಿದ್ದುಪಡಿ

ಮನೆಯಲ್ಲಿ ದಖನಿ, ಓಣಿಯಲ್ಲಿ ತೆಲುಗು.
ಕನ್ನಡ ನನಗೆ ಬಂದದ್ದು ಕನ್ನಡಿಯ ಹಾದಿಯಿಂದ:
ತಿರುಗುಮುರುಗಾದ ಅಕ್ಷರ, ಬೆರಳ ತುದಿಗೆ ಸೀಸದ ತಣ್ಪು,
ರಾಯಚೂರಿನ ತೀನ್ ಕಂದೀಲಿನ ಹಿಂದೆ,
ಅರಳೆ ಅಂಗಡಿಗೆ ಆತುಕೊಂಡ ಒಂದೂವರೆ ಖೋಲಿ.
ಕಾಲಲ್ಲಿ ತುಳಿಯುವ ಯಂತ್ರ, ಎರಡು ಪೆಟ್ಟಿಗೆ ಮೊಳೆ,
ರಂಜಣಗಿ ತುಂಬ ನೀರು,
ಮತ್ತೆ ನರಸಮ್ಮ ಮಾಡಗಿರಿ.

ವಾರಕ್ಕೊಂದು 'ಎಡೆದೊರೆ', ನಾಲ್ಕು ಪುಟ.
ಮೊದಲ ಸಂಚಿಕೆಯ ಕಾಗದಕ್ಕೆ ಅಕ್ಕ
ಗಂಡನ ರಾಜದೂತ್ ಮಾರಿದರು.
ಆತ ಒಂದು ತಿಂಗಳು ಮಾತು ಬಿಟ್ಟರು;
ಎರಡನೆಯ ತಿಂಗಳು ಬಾಡಿಗೆ ಸೈಕಲ್ಲು ಹತ್ತಿ
ಪೇಪರು ಹಂಚಿದರು.

ಎರಡನೆಯ ಪುಟ, ಕೆಳಗೆ, ಎಡಗಡೆ, ಗೆರೆ ಕಟ್ಟಿದ ಚೌಕ:
ಸಿಯಾತಲಾಬಿಗೆ ಇಂಥ ತಾರೀಕು ನಳ ಬರಲಿಲ್ಲ.
ಮುಂದಿನ ವಾರವೂ ಅದೇ.
"ಬಿಚ್ಚಬ್ಯಾಡ ಖಾಜಾ, ಹಂಗೇ ಇರಲಿ,
ಬರೇ ತಾರೀಕು ಬದಲ್ಸು."
ಹದಿನೇಳು ತಾರೀಕು ಬದಲಿಸಿದೆ.
ಹದಿನೆಂಟನೆಯ ವಾರ, ಹಳೆಯದನ್ನು ಬದಿಗಿಟ್ಟು
ಹೊಸ ಸಾಲು ಜೋಡಿಸಿದೆ:
ಬಂತು. ಇಪ್ಪತ್ತು ನಿಮಿಷ.

ಆ ಅಂಕಿ ಓಣಿಯೊಳಗೆ ಹೊಕ್ಕು ಏನು ಮಾಡಿತೋ ಕಾಣೆ,
ಮನೆಗೆ ಎರಡೆರಡು ರೂಪಾಯಿ ಕೂಡಿಸಿ
ಹೆಂಗಸರು ಒಂದು ಗೋಡೆ ಗಡಿಯಾರ ತಂದರು,
ನಳದೆದುರಿನ ಬೇವಿಗೆ ಮೊಳೆ ಹೊಡೆದು ತೂಗುಹಾಕಿದರು.
ಓದು ಬಾರದವರು ಮುಳ್ಳು ಓದಿದರು.
ಬೀಡಿ ಕಟ್ಟಿನ ಸುತ್ತುಕಾಗದ, ಸಿನಿಮಾ ಟಿಕೀಟು,
ಮಗನ ಲೆಕ್ಕದ ಪಟ್ಟಿಯ ಹರಕು,
ಎಲ್ಲದರ ಬೆನ್ನಿಗೂ ನಿಮಿಷ ಬರೆಸಿ
ನಮ್ಮ ಬಾಗಿಲ ಸಂದಿಗೆ ತುರುಕಿ ಹೋದರು.
ಹನ್ನೆರಡು. ಒಂಬತ್ತು. ಸೊನ್ನೆ. ಕೆಸರು.

ಚೀಟಿ ಡಾಲ್ಡಾ ಡಬ್ಬಿ ತುಂಬಿದ ವರ್ಷ
"ನೀವೇ ನಿಂದರ್ರಿ" ಅಂದರು. ನಿಂತರು.
ಗುರುತು ಹೊಲಿಗೆ ಮಿಷನ್ನು.
ತಮ್ಮ ಪೋಸ್ಟರಿನ ಬಿಲ್ಲು ತಮ್ಮ ಪ್ರೆಸ್ಸಿಗೇ ಕಟ್ಟಿ
ರಸೀದಿ ಕೇಳಿದರು. ಹರಿದು ಕೊಟ್ಟೆ.

ನಗರಸಭೆಯ ಮೊದಲ ದಿನ ವರದಿಗೆ ನಾನೇ ಹೋಗಿದ್ದೆ.
ಸದಸ್ಯೆಯರ ಕುರ್ಚಿಯಲ್ಲಿ ಸದಸ್ಯೆಯರ ಗಂಡಂದಿರು.
ಅಕ್ಕ ಎದ್ದು ಕೇಳಿದರು, ಬಹಳ ಮೆತ್ತಗೆ:
"ತಮಗ ಬಿದ್ದ ಮತ ಎಷ್ಟ್ರೀ?"
ಒಬ್ಬೊಬ್ಬರೇ ಧೋತರ ಜಾಡಿಸಿ ಎದ್ದರು.
ಹೊರಗೆ ಚಪ್ಪಲಿಗಳ ನಡುವೆ ನಿಂತಿದ್ದ ಹುಲಿಗೆಮ್ಮ
ಒಳಗೆ ಬಂದು ಕೂತಳು, ಎದ್ದಳು, ಮತ್ತೆ ಕೂತಳು,
ಕೊನೆಗೆ ಬಯಲಕಡೆಯ ದಾರಿಗೆ ದೀಪವಿಲ್ಲವೆಂಬ ಮಾತು ತೆಗೆದಳು.
ಮುಗಿಯುವ ತನಕ ಯಾರೂ ಕೆಮ್ಮಲಿಲ್ಲ.

ಅಕ್ಕ ಅಧ್ಯಕ್ಷೆಯಾದರು. ಪೇಪರು ಪ್ರಮೀಳಾಳ ಪಾಲಿಗೆ:
ಇಪ್ಪತ್ತಮೂರರ ಹುಡುಗಿ, ದೇವಸೂಗೂರಿನವಳು, ಬಾಯಿ ಜೋರು.
ಒಂದು ಶುಕ್ರವಾರ ಅವಳ ಬರಹ ನನ್ನ ಕೈಗೆ ಬಂತು:
ಅಧ್ಯಕ್ಷೆಯ ಓಣಿಗೆ ದಿನಕ್ಕೆ ಎರಡು ಹೊತ್ತು ನೀರು.
ಕೈ ನಡುಗಿ ಒಂದು ಒತ್ತು ನೆಲಕ್ಕೆ ಬಿತ್ತು.
ಹುಡುಕಲಿಲ್ಲ.

ರಾತ್ರಿ ಅಕ್ಕ ಬಂದರು, ಹಳೆ ಚಾಳಿ, ಚಹಾ ಹಿಡಿದು.
ಜೋಡಿಸಿದ ಪುಟದ ಮೇಲೆ ನಾನು ವಲ್ಲಿ ಎಳೆದೆ.
ಸರಿಸಿದರು.
ಕರಡು ತೆಗೆ ಎನ್ನಲಿಲ್ಲ, ಸೀಸದಲ್ಲೇ ಓದಿದರು,
ತಿರುಗುಮುರುಗಾಗಿ, ಬೆರಳಿಟ್ಟು.
"ಅಧ್ಯಕ್ಷೆಗೆ ಒತ್ತೇ ಇಲ್ಲಲ್ಲೋ. ಹಚ್ಚು."
ಹಚ್ಚಿದೆ.
"ಎರಡು ಹೊತ್ತು ತಪ್ಪು. ಮೂರು.
ಹೊತ್ತು ಮುಳುಗಿದ ಮ್ಯಾಲೂ ಬಿಡ್ತಾನ ಆ ವಾಲ್ವಿನವ.
ಬಿಡು ಅಂತ ನಾ ಹೇಳಿದ್ದಿಲ್ಲ.
ಯಾಕ ಬಿಡ್ತಿ ಅಂತ ಕೇಳಿದ್ದೂ ಇಲ್ಲ.
ಅದನ್ನೂ ಹಾಕು."
ಗ್ಲಾಸು ತೊಳೆದಿಟ್ಟು ಹೋದರು.

ಮುಂದಿನ ಚುನಾವಣೆ, ನೂರಾ ಹನ್ನೊಂದು ಮತ, ಸೋತರು.
ನಾಲ್ಕನೆಯ ಪುಟ, ಸಣ್ಣಕ್ಷರ. ಅವರೇ ತೋರಿಸಿದ ಜಾಗ.

ಈಗೆಲ್ಲ ಕಂಪ್ಯೂಟರು.
ಮೊಳೆಗಳನ್ನು ಕಿಲೋ ಲೆಕ್ಕಕ್ಕೆ ಕೃಷ್ಣೆಯ ಮೀನುಗಾರರು ಕೊಂಡರು,
ಎಲ್ಲ ದೀರ್ಘ, ಎಲ್ಲ ಕೊಂಬು ಕರಗಿ ಬಲೆಯ ಗುಂಡಾಗಿ
ನೀರಿಗಿಳಿದವು.
ಆ ಒಂದು ಚೌಕ ಮಾತ್ರ ಕೊಡಲಿಲ್ಲ.
ದಾರ ಸುತ್ತಿ ಕಿಟಕಿಯಲ್ಲಿಟ್ಟಿದ್ದೇನೆ,
ತಾರೀಕಿನ ಜಾಗ ಖಾಲಿ.
ಮೊಮ್ಮಗಳು ಪೌಡರ್ ಡಬ್ಬಿಯ ಕನ್ನಡಿ ಹಿಡಿದು
ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ,
ಖಾಲಿಗೆ ಬಂದು ನಿಲ್ಲುತ್ತಾಳೆ:
"ಕಬ್, ದಾದಾ?"