ಎಂಟು ಡಿಗ್ರಿ ಓರೆ

ಮೂವತ್ತೊಂದು ವರ್ಷ ಅಶೋಕಪುರಂ ವರ್ಕ್‌ಶಾಪಿನಲ್ಲಿ
ಬೋಗಿಗಳ ಹೊಟ್ಟೆಯಡಿ ಅಂಗಾತ ಮಲಗಿ
ಬೋಲ್ಟು ಬಿಗಿದವನು ನಾನು.
ಕಬ್ಬಿಣ ಹೇಳಿದ ಮಾತು ಕೇಳುತ್ತದೆ,
ಕೆಂಪಗೆ ಕಾಯಿಸಿದರೆ ಇನ್ನೂ ಚೆನ್ನಾಗಿ.
ಮರದ ಸ್ವಭಾವ ಗೊತ್ತಿರಲಿಲ್ಲ.

ನಂಜಮಣಿಯ ನೂಲೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿತ್ತು.
ಗಿಳಿಹಸಿರು ಬೇಕೆಂದು ಎಳೆದರೆ
ಅದರ ಕಾಲು ಹಿಡಿದು ಬದನೆ ಬಣ್ಣ,
ಬದನೆಯ ಸೆರಗು ಹಿಡಿದು ಈರುಳ್ಳಿ ಸಿಪ್ಪೆ,
ಎಲ್ಲಕ್ಕೂ ಹಿಂದೆ ಒಂದು ಸೊಟ್ಟ ಹುಕ್ಕು.
'ರಿಟೈರಾಗಿ ಕೂತೇ ಇದೀರಲ್ಲ,
ಗೋಡೆಗೆ ಏನಾದ್ರೂ ಮಾಡ್ಕೊಡಿ' ಅಂದಳು
ಹಲ್ಲಿನಲ್ಲಿ ದಾರ ಕಡಿಯುತ್ತ.

ಮಂಡಿ ಮೊಹಲ್ಲಾದ ಇನ್‌ಲೇ ಕಾರ್ಖಾನೆಯ ಬಾಬಾಜಾನ್ ಸಾಬರು
ಉಳಿಕೆ ಬೀಟೆಯನ್ನು ತೂಕಕ್ಕೆ ಕೊಟ್ಟರು.
ಬಿರುಕು ಬಿಟ್ಟಿತೆಂದು ಬದಿಗೆಸೆದ ಹಲಗೆಯೊಂದರಲ್ಲಿ
ಆನೆ ಕೂರಿಸಲು ತೋಡಿದ ಗುಳಿ ಹಾಗೇ ಇತ್ತು:
ಸೊಂಡಿಲು, ಬೆನ್ನು, ಬಾಲ,
ಆನೆ ಮಾತ್ರ ಬಂದಿರಲಿಲ್ಲ.

ಬೀಟೆಯ ಹುಡಿ ನೇರಳೆ ಬಣ್ಣದ್ದು.
ವಾರವಿಡೀ ಸೀನಿದರೆ ಕರವಸ್ತ್ರ ನೇರಳೆ.
ಹಲಸಿನ ಕಡ್ಡಿ ಹೆರೆದು ಅರವತ್ತಮೂರು ಗೂಟ ಮಾಡಿ,
ಮೂಲೆಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ,
ಒಂದೊಂದನ್ನೂ ತೊಂಬತ್ತು ಡಿಗ್ರಿಗೆ ನೆಟ್ಟೆ.
ನೆಟ್ಟಗೆ ಅಂದರೆ ನೆಟ್ಟಗೆ,
ರೈಲ್ವೆಯ ನೆಟ್ಟಗೆ.

ರಾತ್ರಿ ಚಾಮರಾಜನಗರದ ಗಾಡಿ ಹೋಯಿತು.
ಗೋಡೆ ಎಂದಿನಂತೆ ನಡುಗಿತು.
ಮೊದಲು ಕುಂಕುಮ ಬಣ್ಣದ್ದು ಬಿತ್ತು,
ಆಮೇಲೆ ಮೇಳ.
ಮಂಚದಡಿ, ಹೊಲಿಗೆ ಯಂತ್ರದಡಿ, ನನ್ನ ಚಪ್ಪಲಿಯೊಳಗೆ,
ರೀಲುಗಳು ಉರುಳುತ್ತಲೇ ಇದ್ದವು.
ಆ ಗಾಡಿಯ ಒಂದೆರಡು ಬೋಗಿಗಾದರೂ
ನಾನೇ ಬ್ರೇಕು ಕೂರಿಸಿದ್ದಿರಬೇಕು.

ನಂಜಮಣಿ ದೀಪ ಹಾಕಿ, ನಕ್ಕು ಮುಗಿಸಿ ಅಂದಳು:
'ಅಷ್ಟು ನೆಟ್ಟಗಿದ್ರೆ ಯಾವುದೂ ನಿಲ್ಲಲ್ಲ ಕಣ್ರೀ.
ಕಂಕುಳನ್ನ ನೆಟ್ಟಗೆ ಕತ್ತರಿಸಿ ರವಿಕೆ ಹೊಲಿದ್ರೆ
ಉಟ್ಕೊಂಡೋಳು ಕೈ ಎತ್ತೋದು ಹೇಗೆ?
ಗೂಟ ಒಂಚೂರು ತಲೆ ಎತ್ಕೊಂಡಿರ್ಬೇಕು.'

ಎಷ್ಟು ಒಂಚೂರು?
ಅವಳ ಲೆಕ್ಕದಲ್ಲಿ ಅರ್ಧ ಉಗುರು.
ನನ್ನದರಲ್ಲಿ ಎಂಟು ಡಿಗ್ರಿ.
ಅರವತ್ತಮೂರು ಗೂಟ ಕಿತ್ತು,
ಹಳೆಯ ತೂತಿಗೆ ಅದೇ ನೇರಳೆ ಹುಡಿ, ಅಂಟು,
ಹೊಸ ತೂತು ಪಕ್ಕದಲ್ಲೇ.
ಹತ್ತಿರ ಹೋಗಿ ನೋಡಿದರೆ ಈಗಲೂ ಕಾಣುತ್ತವೆ
ತುಂಬಿ ಮುಚ್ಚಿದ ನನ್ನ ಲಂಬಕೋನಗಳು.

ಮೇಲಿನ ಅಂಚಿಗೆ ನವಿಲು ಬೇಕೆಂದು ನನ್ನಾಸೆ.
ಪೆನ್ಸಿಲಿನಲ್ಲಿ ಬರೆದೆ, ಕೋಳಿ ಬಂತು.
ಅವಳು ಕೈಯಿಂದ ಹಲಗೆ ಕಿತ್ತುಕೊಂಡು
ಸೀಮೆಸುಣ್ಣದ ಬಿಲ್ಲೆಯಲ್ಲಿ ಸರ್ರನೆ ಗೀಚಿದಳು:
'ಇದು ಮಡಕೆ ಕತ್ತು, ಲೆಕ್ಚರರ್ ಭಾಗೀರಥಿದು.
ಇದು ದೋಣಿ ಕತ್ತು, ಹಾಸ್ಟೆಲ್ ಹುಡುಗೀರೆಲ್ಲಾರ್ದು.
ಇದು ಎಲೆ ಕತ್ತು, ನರ್ಸ್ ಫಿಲೋಮಿನಾ
ಮೂರು ಸಲ ಬಿಚ್ಚಿಸಿ ಮೂರು ಸಲ ಹೊಲಿಸಿದ್ದು.'
ನಡುವಿನ ಒಂದನ್ನು ಮಾತ್ರ ಯಾರದೆಂದು ಹೇಳಲಿಲ್ಲ.
ಕೇಳಿದೆ.
'ನೆನಪಿಲ್ವಾ?' ಅಂದಳು.
ನೆನಪಿದೆ ಅಂದೆ.

ಗರಗಸದ ಎಳೆಯಂಥ ಅಲಗಿನಲ್ಲಿ
ಆ ಕತ್ತುಗಳನ್ನೆಲ್ಲ ಸುತ್ತಿ ಸುತ್ತಿ ಕೊಯ್ದೆ.
ಆನೆಯ ಗುಳಿಯಲ್ಲಿ
ಹಳೇ ಸ್ಪೀಕರಿನ ಅಯಸ್ಕಾಂತ ಒಡೆದು ಕೂರಿಸಿದೆ.
ಈಗ ಅಲ್ಲಿ ಸೂಜಿಗಳೇ ಆನೆ,
ಮೈತುಂಬ ಮುಳ್ಳು ನಿಮಿರಿದ ಬೆಳ್ಳಿ ಆನೆ.
ಕಬ್ಬಿಣಕ್ಕೂ ಒಂದು ಜಾಗ ಆಯಿತು.

ರವಿಕೆ ಕಣ ತಂದವರು ಮೊದಲು ಗೋಡೆ ನೋಡುತ್ತಾರೆ.
'ಮೆಂತ್ಯ ಬಣ್ಣ ಯಾವುದು?'
'ನಾಲ್ಕನೇ ಸಾಲು, ಮೂರನೇ ಗೂಟ'
ಅನ್ನುತ್ತಾಳೆ, ತಲೆ ಎತ್ತದೆ.
ಆದರೂ ರೀಲನ್ನೂ ಬಟ್ಟೆಯನ್ನೂ ಬಿಸಿಲಿಗೊಯ್ದು
ಹೊಸಿಲ ಮೇಲೆ ನಿಂತು
ಒಮ್ಮೆ ಹೊಂದಿಸಿ ನೋಡದೆ ಬಿಡುವವಳಲ್ಲ.

ರಾತ್ರಿ ಗಾಡಿ ಬರುತ್ತದೆ.
ಗೋಡೆ ನಡುಗುತ್ತದೆ.
ರೀಲುಗಳು ಗೂಟದ ಮೇಲೆ ಕಿಟಿಕಿಟಿ ಅನ್ನುತ್ತವೆ,
ಒಂದಿಷ್ಟು ಹಿಂದಕ್ಕೆ ಜಾರಿ ಸುಮ್ಮನಾಗುತ್ತವೆ.
'ಬಿತ್ತಾ?' ನಿದ್ದೆಯಲ್ಲೇ ಕೇಳುತ್ತಾಳೆ.
'ಇಲ್ಲ, ಮಲಕ್ಕೊ.'

ಎದ್ದು ಹೋಗಿ ಕತ್ತಲಲ್ಲಿ ಬೆರಳಾಡಿಸುತ್ತೇನೆ
ಆ ನಡುವಿನ ಕತ್ತಿನ ಮೇಲೆ:
ಎಡಕ್ಕೆ ತುಸು ಇಳಿದು, ಒಂದು ಸಣ್ಣ ಮೂಲೆ, ಮತ್ತೆ ಏರು.
ಯಾವ ವರ್ಷ, ಯಾರ ಮದುವೆ, ಯಾವ ಬಣ್ಣ?
ಇನ್ನೂ ಹೊಳೆದಿಲ್ಲ.
ಬೆಳಿಗ್ಗೆ ಮರಳುಕಾಗದ ಹಿಡಿದು
ಅದನ್ನೇ ಮತ್ತೊಂದು ಸಲ ಉಜ್ಜುತ್ತ ನಿಂತರೆ
ನುಣುಪಾಗಿದೆ ಬಿಡಿ, ಸಾಕು, ಅನ್ನುತ್ತಾಳೆ.