ಹಕಾರ

ಟಾಂಗಾ ಬಂದರಿನ ಬೆನ್ನಿಗೆ, ಎರಡನೇ ಮಹಡಿ,
ಕತ್ತಾಳೆ ನಾರಿನ ಕಂಪನಿ.
ಮೇಜಿಗೊಂದರಂತೆ ಒಂಬತ್ತು ಹೊಸ ಫೋನು,
ಎಲ್ಲಕ್ಕೂ ಇಂಟರ್‌ನೆಟ್ಟೇ ತಂತಿ.
ಅರ್ಧಕ್ಕಿಳಿದ ಬಿಲ್ಲನ್ನು ಯಜಮಾನ ಅಥುಮಾನಿ
ಮೊದಮೊದಲು ಬಂದವರಿಗೆಲ್ಲ ತೋರಿಸುತ್ತಿದ್ದ.

ಆಮೇಲೆ ಆ ಮಂಗಳವಾರ.

ಕೊರೊಗ್ವೆಯ ತೋಟದಿಂದ ಎಂಬೆಲ್ವ ಫೋನು ಮಾಡಿ
ಲಾರಿಯವರ ವಿಷಯ ಹೇಳಿದ: ಹವತಕುಜಾ.
ಅವರು ಬರುವುದಿಲ್ಲ.
ಈ ತುದಿಗೆ ತಲುಪಿದ್ದು: ವತಕುಜಾ.
ಬರುತ್ತಾರೆ.
ಇಪ್ಪತ್ತೆರಡು ಹಮಾಲರು ಕಟ್ಟೆಯ ಮೇಲೆ ಕೂತು
ಕೂಲಿ ಬೆಳೆಸಿದರು; ಹಡಗು ಕಾದು ಕಾದು
ಬೇರೆಯವರ ಗೋಡಂಬಿ ತುಂಬಿಕೊಂಡು ಹೋಯಿತು.
"ನಾನು ಹೇಳಿದ್ದೆ" ಎಂದು ಅವನು,
"ಹೇಳಿದ್ದನ್ನೇ ಕೇಳಿದೆ" ಎಂದು ಇವನು.
ಇಬ್ಬರೂ ಆಣೆ ಹಾಕಿದರು. ಇಬ್ಬರದೂ ನಿಜ.

ನಮ್ಮಲ್ಲೂ ಹಕಾರ ನುಂಗುವವರಿದ್ದಾರೆ;
ಹಾಲು ಆಲಾದರೆ ಕಾಫಿಯೇನೂ ಕೆಡುವುದಿಲ್ಲ.
ಕನ್ನಡದ ಇಲ್ಲ ಬರುವುದು ಕೊನೆಗೆ,
ಎಲ್ಲ ಮಾತು ಮುಗಿದು, ಬಾಗಿಲ ಹತ್ತಿರ
ಚಪ್ಪಲಿ ಮೆಟ್ಟುವಾಗ.
ಅವರದು ಮೊದಲಿಗೇ ಬಂದುಬಿಡುತ್ತದೆ,
ದನಿ ಇನ್ನೂ ಬಿಸಿಯೇರುವ ಮುನ್ನ.

ಮೋಶಿಯಿಂದ ರಾತ್ರಿ ಬಸ್ಸಿಗೆ ಬಂದ ತುಮ್ಸಿಫು,
ಚೀಲದಲ್ಲಿ ಕೇಬಲ್ಲು, ಕತ್ತರಿ, ಒಂದು ಬೇಯಿಸಿದ ಮೊಟ್ಟೆ.
ಇಲಿ ಕಡಿದಲ್ಲಿ ಹೊಸ ತಂತಿ ಎಳೆದ.
ಗೋದಾಮಿನ ಕ್ಯಾಮೆರಾ ಹಗಲಿಡೀ
ಖಾಲಿ ಗೋಡೆಯ ಚಿತ್ರ ತೆಗೆತೆಗೆದು ಎಲ್ಲಿಗೋ ಕಳಿಸುತ್ತಿತ್ತು;
ಅದನ್ನು ರಾತ್ರಿಗೆ ದಬ್ಬಿದ.
ರೂಟರಿನಲ್ಲಿ ಮಾತಿಗೆ ಮೊದಲು ದಾರಿ,
ಉಳಿದದ್ದೆಲ್ಲ ಬದಿಗೆ ನಿಲ್ಲಲಿ ಎಂದ.
ಅಳೆದ: ಕಳೆದುಹೋದ ಪ್ಯಾಕೆಟ್ಟು ಸೊನ್ನೆ,
ಜಿಟರು ನಾಲ್ಕು ಮಿಲಿಸೆಕೆಂಡು.
ಕರಕರ ಹೋಯಿತು, ಬಾವಿಯೊಳಗಿನ ದನಿ ಹೋಯಿತು,
ಕಾಗದದ ಮೇಲೆ ಎಲ್ಲ ಚಂದ.
ಸಹಿ ಹಾಕಿಸಿಕೊಂಡು ಹೊರಡಬಹುದಿತ್ತು.

"ಪಕ್ಕದ ಕೋಣೆಯಿಂದ ನಿಮ್ಮ ಹೆಸರು ಹೇಳಿ" ಅಂದ
ಫೋನು ಎತ್ತುವ ಹುಡುಗಿಗೆ. ಬಂತು:
ಕುದಾನಿ.
ಮತ್ತೆ?
ಕುದಾನಿ.
ಬಾಗಿಲಿಗೆ ಬಂದು ನಕ್ಕಳು: "ಸಿಕುದಾನಿ!
ಐದು ಗಂಡಾದ ಮೇಲೆ ಹುಟ್ಟಿದವಳು,
ಅಂದುಕೊಂಡಿರಲಿಲ್ಲ ಅಂತ ಅಮ್ಮ ಇಟ್ಟ ಹೆಸರು.
ಅದರಲ್ಲಿ ಇಲ್ಲ ಅನ್ನೋದೇ ಹೋದರೆ
ಉಳಿಯೋದೇನು?"

ತುಮ್ಸಿಫು ನಗಲಿಲ್ಲ.
"ಒಂದರಿಂದ ಇಪ್ಪತ್ತು ಎಣಿಸಿ, ಉಸಿರು ಬಿಡದೆ."
ಒಂದಕ್ಕೆ ಮಾತ್ರ ತಲೆಯಿಲ್ಲ; ಎರಡರಿಂದಾಚೆ
ಬಾಚಿದ ನಾರಿನಂತೆ ನಯವಾಗಿ ಬಂತು.
"ಈಗ ನಿಂತು ನಿಂತು."
ಪ್ರತಿ ಅಂಕಿಯ ತಲೆಯೂ ಹಾರಿತ್ತು.

ಸಿಕ್ಕಿದ, ಸೆಟ್ಟಿಂಗಿನ ಮೂರನೇ ಪುಟದಲ್ಲಿ:
ಯಾರೂ ಮಾತಾಡದಾಗ ಕದ ಹಾಕಿ ಮಲಗುವ
ಜಿಪುಣ ಕಾವಲುಗಾರ.
ಬರೀ ಮೌನಕ್ಕೆ ಬ್ಯಾಂಡ್‌ವಿಡ್ತು ಯಾಕೆ ಸುಡಬೇಕು?
ದನಿ ಬಂದು ತಟ್ಟಿದರೆ ಕಣ್ಣುಜ್ಜಿ ಏಳುತ್ತಾನೆ,
ಅಷ್ಟರಲ್ಲಿ ಒಂದಕ್ಷರ
ಹೊಸ್ತಿಲಾಚೆಗೇ ತೀರಿಕೊಂಡಿರುತ್ತದೆ.

ಒಂದು ಟಿಕ್ಕು ತೆಗೆದ. ಒಂಬತ್ತು ಫೋನಿನಲ್ಲೂ.
ಮೊಟ್ಟೆ ಸುಲಿದು ತಿಂದ.

ಸಂಜೆ ಅಥುಮಾನಿ ಕೊರೊಗ್ವೆಗೆ ಫೋನು ಮಾಡಿ
ಹೇಳಬೇಕಾದ್ದನ್ನು ಹೇಳಲಾರದೆ ನಿಂತ.
ನಿನ್ನೆಯಾಗಿದ್ದರೆ ಅದು ಸತ್ತ ಲೈನು,
ಹಲೋ ಹಲೋ ಎಂದು ಇಟ್ಟುಬಿಡುತ್ತಿದ್ದರು.
ಈಗ ಅದೂ ಹೋಯಿತು, ಪೂರ್ತಿ:
ಫ್ಯಾನಿನ ಕಿರ್ರು, ಬಂದರಿನ ಕಾಗೆ,
ಅರವತ್ತರ ಒಬ್ಬ ಗಂಡಸು ಗಂಟಲು ಕೆರೆದು
ಸುಮ್ಮನಾಗುವ ಸದ್ದು.

"ಕೇಳಿಸ್ತು ಬಿಡಿ" ಎಂದ ಎಂಬೆಲ್ವ.
"ಗುರುವಾರಕ್ಕೆ ಎಷ್ಟು ಲಾರಿ?"